ಪರದೇಶದಲ್ಲಿ ಬಿಡಾರ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ಬಿ.ಕಾಂ. ಓದಿ, ಬ್ಯಾಂಕಿನ ಕಿಂಡಿಯ ಹಿಂದೆ ಕುಳಿತು ಪರರ ಹಣ ಎಣಿಸುವ ಗುಮಾಸ್ತರು ನಾವು. ಆದರೆ ನಮ್ಮ ಸಂಘದ ಮೂರು ಸಂಸಾರಗಳು ಮಕ್ಕಳು ಮರಿ ಸಮೇತ ಸಮುದ್ರ ದಾಟಲು ಸಿದ್ಧವಾಗಿವೆ. ಎರಡು ದುಬೈಗೆ, ಒಂದು ಲಂಡನ್ನಿಗೆ. “ನೀವು ದುಬೈಯಲ್ಲಿ ಮೂರು ವರ್ಷ ಸಂಸಾರ ಹೂಡಿ ಬಂದವರು, ಎಲ್ಲಿ ಬಿಡಾರ ಮಾಡಬೇಕು, ಹೇಗೆ ಆರಿಸಬೇಕು, ನಾಲ್ಕು ಮಾತು ಹೇಳಿ” ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ತಪ್ಪು ಮಾಡಿ ಕಲಿತವರ ಮಾತಿಗೂ ಕೊಂಚ ಬೆಲೆ ಉಂಟೆಂಬ ಧೈರ್ಯದಿಂದ ಇಲ್ಲಿ ನಿಂತಿದ್ದೇವೆ.

ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. “ಊರಿನವರು ಎಲ್ಲಿದ್ದಾರೆ?” ಎಂದು ಕೇಳಿ, ಟ್ರಂಕು ಹೊತ್ತು ಅಲ್ಲಿಗೇ ಹೋದರು. ಇಂದು ಡೊಂಬಿವಲಿಯಲ್ಲಿ ಮನೆ ಹುಡುಕುವ ನಾವು ಕೇಳುವುದು ಎರಡು ಪ್ರಶ್ನೆ: ಬಾಡಿಗೆ ಎಷ್ಟು? ಸ್ಟೇಷನ್ನಿಗೆ ಎಷ್ಟು ದೂರ? ಇದೇ ಎರಡು ಪ್ರಶ್ನೆಗಳನ್ನು ಕಟ್ಟಿಕೊಂಡು 2022ರ ಏಪ್ರಿಲಿನಲ್ಲಿ ನಾವು ಒಬ್ಬರೇ ಮೊದಲು ವಿಮಾನ ಹತ್ತಿದೆವು. ಎರಡನೆಯದನ್ನು ವಿಮಾನದಲ್ಲೇ ಮರೆತು ಇಳಿದೆವೆಂದು ಕಾಣುತ್ತದೆ.

ದುಬೈಯ ಅಂಚಿನಲ್ಲಿ ಅಲ್ ನಹ್ದಾ ಎಂಬ ಬಡಾವಣೆ ಇದೆ. ಗಡಿ ದಾಟಿದರೆ ಶಾರ್ಜಾ. ಅಲ್ಲಿಯೂ ಅಲ್ ನಹ್ದಾ ಎಂದೇ ಇನ್ನೊಂದು ಬಡಾವಣೆ. ಹೆಸರು ಒಂದೇ, ಆಳ್ವಿಕೆ ಬೇರೆ, ಬಾಡಿಗೆಯೂ ಬೇರೆ. ದುಬೈಯಲ್ಲಿ ದುಡಿದು ಶಾರ್ಜಾದಲ್ಲಿ ಮಲಗುವ ನಮ್ಮ ದೇಶದವರು ಬಹಳ ಮಂದಿ. ನಾವು ಕಾಗದ ಹಿಡಿದು ಲೆಕ್ಕ ಹಾಕಿದೆವು. ದುಬೈಯ ಕರಾಮಾದಲ್ಲಿ ಒಂದು ಬೆಡ್‌ರೂಮಿನ ಮನೆಗೆ ವರ್ಷಕ್ಕೆ 52,000 ದಿರ್ಹಮ್ ಕೇಳಿದರು. ಶಾರ್ಜಾದ ನಹ್ದಾದಲ್ಲಿ ಎರಡು ಬೆಡ್‌ರೂಮಿಗೆ 34,000. ಉಳಿತಾಯ 18,000, ಅಂದಿನ ದರದಲ್ಲಿ ಸುಮಾರು ಮೂರೂಮುಕ್ಕಾಲು ಲಕ್ಷ ರೂಪಾಯಿ. ಊರಿನ ಮನೆಯ ಸಾಲ ಕಣ್ಣ ಮುಂದೆ ಬಂತು. ಮನೆಯಾಕೆಗೆ ಫೋನಿನಲ್ಲಿ ಫೋಟೋ ಕಳಿಸಿದೆವು. “ನೀವು ನೋಡಿದ್ದೀರಲ್ಲ, ಸಾಕು” ಎಂದಳು. ಸಹಿ ಹಾಕಿದೆವು.

ಹದಿನಾಲ್ಕನೆಯ ಮಹಡಿ, ಒಳ್ಳೆಯ ಗಾಳಿ ಬೆಳಕು, ಮನೆಯಲ್ಲಿ ಒಂದು ಕುಂದೂ ಇರಲಿಲ್ಲ. ಕುಂದು ಇದ್ದದ್ದು ಮನೆಯ ಹೊರಗೆ. ದುಬೈ ಮೆಟ್ರೋದ ಕೆಂಪು ಮಾರ್ಗ 2009ರಲ್ಲಿ, ಹಸಿರು ಮಾರ್ಗ 2011ರಲ್ಲಿ ತೆರೆದವು. ಎರಡೂ ಗಡಿಯ ಈಚೆಗೇ ನಿಲ್ಲುತ್ತವೆ, ಶಾರ್ಜಾಕ್ಕೆ ಹೋಗುವುದಿಲ್ಲ. ಆದ್ದರಿಂದ ನಾವು ಕಾರ್ ಲಿಫ್ಟ್ ಹಿಡಿದೆವು. ಎಂದರೆ, ನಾಲ್ಕು ಜನ ತಿಂಗಳ ಹಣ ಕೊಟ್ಟು ಒಂದೇ ಕಾರಿನಲ್ಲಿ ಹೋಗುವ ಏರ್ಪಾಡು. ಬೆಳಗ್ಗೆ ಆರಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಮನೆ. ಹಾದಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಸಂಜೆ ಅದಕ್ಕೆ ಒಂದೂವರೆ ಗಂಟೆ. ಜೊತೆಗೆ ವಾರದ ರಜೆಯ ತೊಡಕು. 2022ರ ಜನವರಿಯಿಂದ ಅಲ್ಲಿ ಶನಿವಾರ, ಭಾನುವಾರ ವಾರದ ರಜೆಯಾಯಿತು. ಶಾರ್ಜಾ ಮಾತ್ರ ಶುಕ್ರವಾರವನ್ನೂ ಸೇರಿಸಿ ಮೂರು ದಿನ ಮಾಡಿತು, ಶಾಲೆಗಳೂ ಹಾಗೆಯೇ. ಶಾರ್ಜಾದ ಶಾಲೆಗೆ ಸೇರಿದ್ದ ಮಗಳಿಗೆ ಶುಕ್ರವಾರ ಬಿಡುವು, ದುಬೈಯಲ್ಲಿದ್ದ ನಮಗೆ ಕೆಲಸ.

ಜುಲೈ ತಿಂಗಳ ಒಂದು ಸಂಜೆ ಮೂರು ವರ್ಷದ ಮಗನಿಗೆ ಜ್ವರ ಏರಿತು. ಮನೆಯಾಕೆ ಫೋನು ಮಾಡಿದಾಗ ನಾವು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದೆವು. ಆಕೆ ಮಗುವನ್ನು ಹೆಗಲಿಗೆ ಹಾಕಿ, ಮಗಳ ಕೈಹಿಡಿದು, ಒಲೆಯ ಬಾಯಿಯಂಥ ಸೆಕೆಯಲ್ಲಿ ರಸ್ತೆಯ ಅಂಚಿನಲ್ಲಿ ನಿಂತಳು. ಬಂದ ಟ್ಯಾಕ್ಸಿಗಳೆಲ್ಲ ತುಂಬಿದ್ದವು. ನಾಲ್ಕು ತಿಂಗಳಾಗಿದ್ದರೂ ಪಕ್ಕದ ಮನೆಯವರ ಹೆಸರು ತಿಳಿದಿರಲಿಲ್ಲ. ಕೊನೆಗೆ ಕಟ್ಟಡದ ಕಾವಲುಗಾರನೇ ಓಡಿಹೋಗಿ ಒಂದು ಟ್ಯಾಕ್ಸಿ ತಂದುಕೊಟ್ಟ. ನಾವು ಮನೆ ಮುಟ್ಟಿದಾಗ ಎಂಟೂಕಾಲು, ಬಾಗಿಲಿಗೆ ಬೀಗ.

ಮೂರು ದಿನದಲ್ಲಿ ಜ್ವರ ಇಳಿಯಿತು. ನಾಲ್ಕನೆಯ ದಿನ ಮನೆಯಾಕೆ ನಮ್ಮ ಖರ್ಚಿನ ಪುಸ್ತಕವನ್ನು ತಂದು ಮುಂದಿಟ್ಟಳು. “ಬಾಡಿಗೆಯಲ್ಲಿ ಹದಿನೆಂಟು ಸಾವಿರ ಉಳಿಯಿತು ಅಂತ ಬರೆದಿದ್ದೀರಿ. ನಾನು ದಿನಾ ಈ ನಾಲ್ಕು ಗೋಡೆಯೊಳಗೆ ಕಳೆಯುವ ಹದಿನಾಲ್ಕು ಗಂಟೆ ಯಾವ ಪುಟದಲ್ಲಿದೆ, ತೋರಿಸಿ” ಎಂದಳು. ಹನ್ನೆರಡು ವರ್ಷ ಜಮಾ ಖರ್ಚು ತಾಳೆ ನೋಡಿದ ಗುಮಾಸ್ತರಿಗೆ ಆ ಪುಟ ಸಿಗಲಿಲ್ಲ.

ಶಾರ್ಜಾ ಕೆಟ್ಟ ಊರೆಂದು ನಾವು ಹೇಳುತ್ತಿಲ್ಲ. ಕೆಲಸ, ಶಾಲೆ, ಮನೆ ಮೂರೂ ಶಾರ್ಜಾದಲ್ಲೇ ಇದ್ದವರು ಅಲ್ಲಿ ಸುಖವಾಗಿದ್ದುದನ್ನು ಕಂಡಿದ್ದೇವೆ. ತಪ್ಪು ಊರಿನದಲ್ಲ. ಹಗಲೆಲ್ಲ ಯಾರು ಬಾಳಬೇಕೋ ಅವರನ್ನು ಬಿಟ್ಟು, ರಾತ್ರಿ ಮಲಗಲು ಬರುವವರು ಮನೆ ಆರಿಸಿದ್ದು ತಪ್ಪು.

ಎರಡನೆಯ ಮನೆಯನ್ನು ಆಕೆಯೇ ಆರಿಸಿದಳು. ಕರಾಮಾಕ್ಕೆ ಮೂರು ಸಲ ಹೋದಳು: ಬೆಳಗ್ಗೆ ಶಾಲೆಯ ಬಸ್ಸು ಬರುವ ಹೊತ್ತಿಗೆ, ನಡುಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ. ಅಡಿಗೆಮನೆಯ ಕಪಾಟು ನೋಡಲಿಲ್ಲ. ಕಟ್ಟಡದ ಕೆಳಗೆ ನಿಂತು, ತಾಯಂದಿರು ಮಕ್ಕಳೊಡನೆ ಇಳಿದು ಬರುತ್ತಾರೋ ಇಲ್ಲವೋ ನೋಡಿದಳು. ಔಷಧದ ಅಂಗಡಿಗೆ, ತರಕಾರಿಗೆ, ಡಾಕ್ಟರರ ಬಳಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದಳು. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಊರಿನಲ್ಲಿ ಹೆಜ್ಜೆಯ ಲೆಕ್ಕವೇ ಲೆಕ್ಕ.

2023ರ ಏಪ್ರಿಲಿನಲ್ಲಿ, ಅಲ್ಲಿನ ಭಾರತೀಯ ಪಠ್ಯದ ಶಾಲೆಗಳ ವರ್ಷ ಆರಂಭವಾಗುವಾಗ, ಬಿಡಾರ ಬದಲಿಸಿದೆವು. ಕರಾಮಾ ಸ್ವರ್ಗವೇನಲ್ಲ. ಹಳೆಯ ಕಟ್ಟಡ, ಮುದಿ ಲಿಫ್ಟು, ಜಿರಳೆಗಳ ಸಹವಾಸ, ಒಂದೇ ಮಲಗುವ ಕೋಣೆ. ಆದರೆ ಮೆಟ್ರೋ ನಡೆದು ಹೋಗುವಷ್ಟು ಹತ್ತಿರ. ಸಂಜೆ ಆರೂವರೆಗೆ ನಾವು ಮನೆಯಲ್ಲಿ. ಕೆಳಗೆ ಇಡ್ಲಿಯ ಹೋಟೆಲು. ಎದುರುಮನೆಯಲ್ಲಿ ಒಬ್ಬ ಮಲಯಾಳಿ ಚೇಚಿ; ನಮ್ಮ ಮಗನ ಎರಡನೆಯ ಜ್ವರಕ್ಕೆ ರಾತ್ರಿ ಕೂತವರು ಅವರೇ. ಕನ್ನಡಿಗರ ನಡುವೆಯೇ ಮನೆ ಬೇಕೆಂದು ಹಠ ಹಿಡಿದಿದ್ದರೆ ಅವರು ನಮಗೆ ಸಿಗುತ್ತಿರಲಿಲ್ಲ. ದುಬೈಯಲ್ಲಿ ಕನ್ನಡಿಗರೇ ನಡೆಸುವ ವಾರದ ಕೊನೆಯ ಕನ್ನಡ ಪಾಠಶಾಲೆ ಇದೆ. ಮಗಳನ್ನು ಅಲ್ಲಿಗೆ ಸೇರಿಸಿದೆವು. ಆಕೆ ಚೇಚಿಯಿಂದ ಮಲಯಾಳ ಕಲಿತಳು, ಕನ್ನಡ ಮರೆಯಲಿಲ್ಲ.

ಲೆಕ್ಕ ಪೂರ್ತಿ ಕೂಡಿತೇ? ಇಲ್ಲ, ನಿಮ್ಮೆದುರು ಸುಳ್ಳು ಹೇಳಬಾರದು. ಕಾರ್ ಲಿಫ್ಟಿನ ಹಣ ಉಳಿದರೂ ಬಾಡಿಗೆಯ ಹೆಚ್ಚಳ ತುಂಬಲಿಲ್ಲ. ಊರಿನ ಸಾಲ ತೀರುವುದು ಒಂದು ವರ್ಷ ತಡವಾಯಿತು. ಆ ಒಂದು ವರ್ಷಕ್ಕಾಗಿ ನಾವು ಇಂದಿಗೂ ಮರುಗಿಲ್ಲ.

ಈಗ ಹೊರಟವರಿಗೆ ಕೆಲವು ಕಟ್ಟುನಿಟ್ಟಿನ ಮಾತು.

ಒಂದನೆಯದಾಗಿ, ಹೋದ ವಾರವೇ ವರ್ಷದ ಕರಾರಿಗೆ ಸಹಿ ಹಾಕಬೇಡಿ. ಸಾಧ್ಯವಾದರೆ ಒಂದು ತಿಂಗಳು ತಾತ್ಕಾಲಿಕವಾಗಿ ಇದ್ದು, ಆಫೀಸು ಬಿಡುವ ಹೊತ್ತಿನಲ್ಲೇ ಆ ಮನೆಯ ಹಾದಿಯನ್ನು ಒಮ್ಮೆ ಕ್ರಮಿಸಿ ನೋಡಿ.

ಎರಡನೆಯದಾಗಿ, ಮೊದಲು ಶಾಲೆ, ಆಮೇಲೆ ಮನೆ. ದುಬೈಯ ಭಾರತೀಯ ಶಾಲೆಗಳು ಔದ್ ಮೇಥಾ, ಅಲ್ ಕುಸೈಸ್ ಕಡೆ ಹೆಚ್ಚು; 1961ರಲ್ಲಿ ಆರಂಭವಾದ ಇಂಡಿಯನ್ ಹೈಸ್ಕೂಲು ಔದ್ ಮೇಥಾದಲ್ಲಿದೆ. ಲಂಡನ್ನಿಗೆ ಹೋಗುವವರಿಗಂತೂ ಇದು ಇನ್ನೂ ಮುಖ್ಯ. ಅಲ್ಲಿ ಸರಕಾರಿ ಶಾಲೆಗೆ ಅರ್ಜಿಗಳು ಹೆಚ್ಚಾದಾಗ, ಹಲವೆಡೆ ಮನೆಗೂ ಶಾಲೆಗೂ ಇರುವ ದೂರ ಅಳೆದು ಸ್ಥಳ ಕೊಡುತ್ತಾರೆ.

ಮೂರನೆಯದಾಗಿ, ಕಾಗದಪತ್ರ. ದುಬೈಯಲ್ಲಿ ಬಾಡಿಗೆಯ ಕರಾರು ‘ಇಜಾರಿ’ಯಲ್ಲಿ ನೋಂದಣಿಯಾಗಬೇಕು. ಮನೆ ಮಾರಲು ಅಥವಾ ತಾನೇ ವಾಸಿಸಲು ಮಾಲಿಕನು ಮನೆ ಬಿಡಿಸಬೇಕಾದರೆ ಹನ್ನೆರಡು ತಿಂಗಳ ನೋಟೀಸು ಕೊಡಬೇಕೆಂದು ಅಲ್ಲಿನ ಕಾನೂನು. ವರ್ಷದ ಬಾಡಿಗೆಯ ಶೇಕಡ 5ರಷ್ಟು ವಸತಿ ಶುಲ್ಕ, ಹನ್ನೆರಡು ಕಂತಾಗಿ, ವಿದ್ಯುತ್ತು ನೀರಿನ ಬಿಲ್ಲಿನಲ್ಲೇ ಬರುತ್ತದೆ. ಕೆಲವು ಕಟ್ಟಡಗಳಲ್ಲಿ ತಂಪುಗಾಳಿಗೆ ‘ಚಿಲ್ಲರ್’ ಎಂದು ಬೇರೆ ಹಣ ಕೀಳುತ್ತಾರೆ. ಹೆಸರು ಕೇಳಿ ಚಿಲ್ಲರೆ ಖರ್ಚೆಂದು ಭಾವಿಸಬೇಡಿ! ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದ ಮಾತ್ರಕ್ಕೆ ಜೈಲೆಂಬ ಭಯ 2022ರಿಂದ ಬಹುಮಟ್ಟಿಗೆ ತಗ್ಗಿದೆ. ಆದರೆ ವಸೂಲಿಗೆ ಕೋರ್ಟು ಬೆನ್ನು ಹತ್ತುವುದು ತಪ್ಪದು. ಬ್ಯಾಂಕಿನವರ ಮಾತು, ನಂಬಿ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಮನೆ ನೋಡಲು ಹೋಗುವಾಗ ಸಂಬಳ ತರುವವರು ಎರಡು ಹೆಜ್ಜೆ ಹಿಂದೆ ನಡೆಯಿರಿ. ಹಗಲಿಡೀ ಅಲ್ಲಿರಬೇಕಾದವರು, ಅದು ಹೆಂಡತಿಯಿರಲಿ, ಗಂಡನಿರಲಿ, ಊರಿಂದ ಕರೆದೊಯ್ದ ವೃದ್ಧ ತಾಯಿಯಿರಲಿ, ಮುಂದೆ ನಡೆಯಲಿ. ಅವರು “ಬೇಡ” ಎಂದರೆ ಕಾರಣ ಕೇಳಿ ವಾದ ಹೂಡದೆ, ಮುಂದಿನ ಮನೆ ನೋಡಿ.

ಈ ಮಾತುಗಳಲ್ಲಿ ಅರ್ಧ ನಮ್ಮ ಮನೆಯಾಕೆಯವು. ಆಕೆ ಅಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಹೊರಡುವ ಸೋದರಿಯರು ಕೂಟ ಮುಗಿದ ಮೇಲೆ ಆಕೆಯನ್ನೇ ಕೇಳುವುದು ಒಳಿತು.  ಹೋಗುವ ಮೂರು ಸಂಸಾರಗಳಿಗೂ ಒಳ್ಳೆಯ ನೆರೆಹೊರೆ ದೊರೆಯಲಿ.