ನಪಾಸಾದ ಹುಡುಗರು ನಡೆಸಿದ ಶಾಲೆ
(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಅಂಗಡಿಯ ಬಾಗಿಲನ್ನು ಒಂದು ತಾಸು ಮುಂಚೆಯೇ ಹಾಕಿ ಬಂದ ವ್ಯಾಪಾರಿ ಮಿತ್ರರೂ ಇದ್ದೀರಿ. ಆದುದರಿಂದ ಪೀಠಿಕೆ ಬೇಡ. ಇಟಲಿ ದೇಶದ ಒಂದು ಬೆಟ್ಟದ ಮೇಲೆ, ಸರಕಾರಿ ಶಾಲೆ ಹೊರಗೆ ಹಾಕಿದ ಹುಡುಗರು ನಡೆಸಿದ ಒಂದು ಶಾಲೆಯ ವಿಷಯವನ್ನು ಈ ದಿನ ಹೇಳಬೇಕೆಂದಿದ್ದೇವೆ. ಆ ಊರಿನ ಹೆಸರು ಬಾರ್ಬಿಯಾನ.

ಅದರ ಕಥೆ ಆರಂಭವಾಗುವುದು ಬೆಟ್ಟದಲ್ಲಲ್ಲ, ಮಗ್ಗದ ಊರಿನಲ್ಲಿ. ಫ್ಲಾರೆನ್ಸ್ ನಗರದ ಬಳಿ ಪ್ರಾತೊ ಎಂಬ ಉಣ್ಣೆಬಟ್ಟೆಯ ಊರಿದೆ. ಅದರ ನೆರೆಯ ಕಾಲೆನ್ಜಾನೊದಲ್ಲಿ 1947ರಿಂದ ಲೊರೆಂಜೊ ಮಿಲಾನಿ ಎಂಬ ತರುಣ ಪಾದ್ರಿಗಳಿದ್ದರು. 1923ರಲ್ಲಿ ಹುಟ್ಟಿದವರು, ಸಿರಿವಂತರ, ಓದಿದವರ ಮನೆಯ ಮಗ. ಹನ್ನೆರಡು ವರ್ಷದ ಪೋರರು ರಾತ್ರಿ ಪಾಳಿಯಲ್ಲಿ ಮಗ್ಗದ ಮುಂದೆ ನಿಲ್ಲುವುದನ್ನು ಅವರು ಅಲ್ಲಿ ಕಂಡರು. ಧರ್ಮೋಪದೇಶ ಆಮೇಲಾಗಲಿ ಎಂದು ಮೊದಲು ಕೂಲಿಕಾರರಿಗಾಗಿ ರಾತ್ರಿ ಶಾಲೆ ತೆರೆದರು. ಕಮ್ಯುನಿಸ್ಟರ ಮಕ್ಕಳೂ ಸಂಕೋಚವಿಲ್ಲದೆ ಬರಲೆಂದು ಆ ಕೋಣೆಯ ಗೋಡೆಯಿಂದ ಶಿಲುಬೆಯನ್ನೇ ಇಳಿಸಿದರು. ಪಾದ್ರಿಯಾದವನು ಹೀಗೆ ಮಾಡಿದರೆ ದೊಡ್ಡವರು ಸುಮ್ಮನಿದ್ದಾರೆಯೆ? 1954ರ ಡಿಸೆಂಬರಿನಲ್ಲಿ ಅವರನ್ನು ಬಾರ್ಬಿಯಾನಕ್ಕೆ ವರ್ಗ ಮಾಡಿದರು. ಅದು ವರ್ಗವಲ್ಲ, ಗಡೀಪಾರು. ಇಗರ್ಜಿಯವರೆಗೆ ಗಾಡಿಯ ದಾರಿಯಿಲ್ಲ, ವಿದ್ಯುತ್ ದೀಪವಿಲ್ಲ, ನಲ್ಲಿಯಿಲ್ಲ. ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ರೈತರ ಮನೆ. ಹೋದ ಮರುದಿನವೇ ಅವರು ಅಲ್ಲಿಯ ಸ್ಮಶಾನದಲ್ಲಿ ತಮಗಾಗಿ ಒಂದು ಕುಣಿಯ ಜಾಗ ಕೊಂಡರು. ಇನ್ನು ಇಲ್ಲಿಂದ ಕದಲುವುದಿಲ್ಲ ಎಂದು ಹೇಳುವ ರೀತಿ ಅದು!

ಅಲ್ಲಿ ಪ್ರಾಥಮಿಕ ಶಾಲೆ ಮುಗಿಸಿದ ಹುಡುಗನಿಗೆ ಮುಂದೆ ಇದ್ದುದು ದನ ಕಾಯುವುದು, ಇಲ್ಲವೆ ಕುರಿ ಕಾಯುವುದು. ಮಿಲಾನಿಯವರು ಅಂಥ ಆರು ಹುಡುಗರನ್ನು ಇಗರ್ಜಿಯ ಮನೆಯಲ್ಲಿ ಕೂಡಿಸಿಕೊಂಡು ಕಲಿಸತೊಡಗಿದರು. ಕ್ರಮೇಣ ಬೆಟ್ಟದ ಕೆಳಗಿನ ಹಳ್ಳಿಗಳಿಂದಲೂ ನಪಾಸಾದ ಹುಡುಗರು ಹತ್ತಿ ಬಂದರು. ಹುಡುಗಿಯರು ಬಂದದ್ದು ಕಡಿಮೆ. ಇದು ಆ ಶಾಲೆಯ ಕೊರತೆಯೇ ಸರಿ.

ಶಾಲೆ ದಿನಕ್ಕೆ ಹನ್ನೆರಡು ತಾಸು, ವರ್ಷಕ್ಕೆ 365 ದಿನ. ಭಾನುವಾರವೂ ಇತ್ತು. ಅಂಕಗಳಿರಲಿಲ್ಲ, ನಪಾಸು ಎಂಬುದೇ ಇರಲಿಲ್ಲ. ಉಪಾಧ್ಯಾಯರಿಗೆ ಎತ್ತರದ ಪೀಠವಿರಲಿಲ್ಲ. ದೊಡ್ಡ ಮೇಜುಗಳ ಸುತ್ತ ಎಲ್ಲರೂ ಕೂಡುತ್ತಿದ್ದರು. ಪುಸ್ತಕದ ಪ್ರತಿ ಒಂದೇ ಇದ್ದರೆ ತಲೆಗೆ ತಲೆ ತಾಗಿಸಿ ಓದುತ್ತಿದ್ದರು. ನಿನ್ನೆ ಕಲಿತ ದೊಡ್ಡ ಹುಡುಗ ಇಂದು ಚಿಕ್ಕವನಿಗೆ ಮಾಸ್ತರ. ಯಾರಿಗೆ ಪಾಠ ತಲೆಗೆ ಹತ್ತುವುದಿಲ್ಲವೋ ಅವನಿಗಾಗಿ ಎಲ್ಲರೂ ಕಾಯಬೇಕು, ಅವನಿಗೆ ತಿಳಿದ ಮೇಲೆಯೇ ಮುಂದಿನ ಮಾತು. ರಜೆಯಿಲ್ಲದ, ಆಟವಿಲ್ಲದ ಈ ಕಟ್ಟುನಿಟ್ಟು ನಮಗೂ ಅತಿಯೆನಿಸುತ್ತದೆ. ಆದರೆ ಸಗಣಿ ಬಾಚುವುದಕ್ಕಿಂತ ಇದು ವಾಸಿಯೆಂದು ಆ ಹುಡುಗರೇ ತೀರ್ಮಾನಿಸಿದ್ದರು.

ಕಲಿತದ್ದು ಏನು? ದಿನವೂ ವೃತ್ತಪತ್ರಿಕೆಯನ್ನು ಗಟ್ಟಿಯಾಗಿ ಓದಿ, ತಿಳಿಯದ ಪ್ರತಿಯೊಂದು ಶಬ್ದದ ಬೇರು ಹಿಡಿಯುತ್ತಿದ್ದರು. ಮರಗೆಲಸ, ಕಬ್ಬಿಣದ ಕೆಲಸಕ್ಕೆ ಒಂದು ಕಮ್ಮಟ ಇತ್ತು. ಬೆಟ್ಟದ ಮಕ್ಕಳಿಗೆ ನೀರೆಂದರೆ ಅಂಜಿಕೆ. ಅದನ್ನು ಬಿಡಿಸಲು ತಾವೇ ಅಗೆದು ಒಂದು ಸಣ್ಣ ಈಜುಕೊಳ ಕಟ್ಟಿದರು. ಒಬ್ಬ ಹುಡುಗ ಶಾಲೆಗೆ ಬರಲು ಹಳ್ಳ ದಾಟಬೇಕಿತ್ತು. ಅವನಿಗಾಗಿ ಒಂದು ಕಾಲುಸೇತುವೆ ಎದ್ದಿತು. ಸಂಘದ ಕಾರ್ಯಕರ್ತರು, ನ್ಯಾಯಾಧೀಶರು, ಪತ್ರಕರ್ತರು, ಯಾರೇ ಬೆಟ್ಟ ಹತ್ತಿ ಬರಲಿ, ಅವರನ್ನು ನಡುವೆ ಕೂಡಿಸಿ ಹುಡುಗರು ಪ್ರಶ್ನೆಗಳ ಮಳೆ ಸುರಿಸುತ್ತಿದ್ದರು. ಹದಿನೈದು ಹದಿನಾರು ವರ್ಷದವರು ಇಂಗ್ಲೆಂಡಿಗೆ, ಜರ್ಮನಿಗೆ, ಫ್ರಾನ್ಸಿಗೆ ಹೋಗಿ, ಕೂಲಿ ಮಾಡಿ ಹೊಟ್ಟೆ ಹೊರೆದುಕೊಂಡು, ಆ ಭಾಷೆ ಕಲಿತು ಬರುತ್ತಿದ್ದರು.

ಊರಿನ ಕಷ್ಟವೂ ಅಲ್ಲಿ ಪಾಠವೇ ಆಗಿತ್ತು. ಮನೆಗಳಿಗೆ ಕೊಳವೆಯ ನೀರು ತರಲು ರೈತರು ಒಂದುಗೂಡಿದಾಗ, ಒಬ್ಬ ಭೂಮಾಲಿಕ ತನಗೆ ಬೇಡವಾದ ಒರತೆಯನ್ನೂ ಬಿಟ್ಟುಕೊಡಲಿಲ್ಲ. ಕೆಲಸ ಕೆಟ್ಟಿತು. ಮಿಲಾನಿಯವರು ಆ ವಿಷಯವನ್ನು ಪತ್ರಿಕೆಗೆ ಬರೆದರು. ಒಬ್ಬನ ಆಸ್ತಿಯ ಹಕ್ಕು ಹೇಗೆ ಹತ್ತು ಮನೆಯ ಬಾಯಾರಿಕೆಗಿಂತ ದೊಡ್ಡದಾಯಿತು ಎಂಬುದು ಹುಡುಗರಿಗೆ ಕಣ್ಣೆದುರಿಗೇ ಇತ್ತು.

1965ರಲ್ಲಿ ಇದಕ್ಕಿಂತ ದೊಡ್ಡ ಪ್ರಸಂಗ ಬಂತು. ಕೊಲ್ಲುವುದು ತಮ್ಮ ಮನಸ್ಸಾಕ್ಷಿಗೆ ಒಪ್ಪದೆಂದು ಸೈನ್ಯ ಸೇರದ ತರುಣರು ಇಟಲಿಯಲ್ಲಿ ಆಗ ಜೈಲಿನಲ್ಲಿದ್ದರು. ಅವರು ಹೇಡಿಗಳು ಎಂದು ಸೈನ್ಯದ ನಿವೃತ್ತ ಪಾದ್ರಿಗಳು ಗೊತ್ತುವಳಿ ಮಾಡಿದರು. ಶಾಲೆಯಲ್ಲಿ ಆ ಸುದ್ದಿ ಓದಿದ ಮೇಲೆ ಮಿಲಾನಿಯವರು ಬರೆದ ಉತ್ತರವನ್ನು 'ರಿನಾಷಿತಾ' ವಾರಪತ್ರಿಕೆ ಅಚ್ಚು ಹಾಕಿತು. ಪಾದ್ರಿಯ ಮೇಲೂ ಸಂಪಾದಕರ ಮೇಲೂ ಮೊಕದ್ದಮೆ ಆಯಿತು. ರಕ್ತದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಮಿಲಾನಿಯವರು ರೋಮಿಗೆ ಹೋಗಲಾರದೆ ನ್ಯಾಯಾಧೀಶರಿಗೂ ಪತ್ರವನ್ನೇ ಬರೆದರು. 1966ರ ಫೆಬ್ರವರಿಯಲ್ಲಿ ಖುಲಾಸೆಯಾಯಿತು, ಸರಕಾರ ಅಪೀಲು ಹೋಯಿತು. ಮೇಲಿನ ಕೋರ್ಟಿನ ತೀರ್ಪು ತಿರುಗಿ ಬೀಳುವ ಹೊತ್ತಿಗೆ ಆರೋಪಿ ತೀರಿಕೊಂಡಿದ್ದರು. ಸೈನ್ಯ ಸೇರದಿರುವ ಹಕ್ಕನ್ನು ಇಟಲಿಯ ಕಾನೂನು ಒಪ್ಪಿದ್ದು 1972ರಲ್ಲಿ.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಬಾರ್ಬಿಯಾನದ ಇಬ್ಬರು ಹುಡುಗರು ಉಪಾಧ್ಯಾಯರಾಗಲೆಂದು ಸರಕಾರದ ತರಬೇತಿ ಶಾಲೆ ಸೇರಿದರು. ಅಲ್ಲಿ ಅವರನ್ನು ನಪಾಸು ಮಾಡಿದರು. ನಮ್ಮ ಓಣಿಯಲ್ಲಾದರೆ ಏನಾಗುತ್ತಿತ್ತು? ತಾಯಿ ಎರಡು ದಿನ ಅಳುತ್ತಿದ್ದಳು, ತಂದೆ ನಾಲ್ಕು ಬಾರಿಸುತ್ತಿದ್ದ, ಹುಡುಗ ಗ್ಯಾರೇಜಿಗೋ ಕಿರಾಣಿ ಅಂಗಡಿಯ ಗಲ್ಲೆಯ ಹಿಂದಕ್ಕೋ ಸೇರುತ್ತಿದ್ದ. ಇವನ ಹಣೆಯಲ್ಲಿ ವಿದ್ಯೆ ಬರೆದಿಲ್ಲವೆಂದು ಎಲ್ಲರೂ ಒಪ್ಪಿಬಿಡುತ್ತಿದ್ದರು. ಬಾರ್ಬಿಯಾನದವರು ಒಪ್ಪಲಿಲ್ಲ. ಎಂಟು ಹುಡುಗರು ಕೂಡಿ, ನಪಾಸು ಮಾಡುವ ಎಲ್ಲ ಉಪಾಧ್ಯಾಯಿನಿಯರಿಗೂ ಸೇರಿ ಒಂದು ಪತ್ರ ಬರೆಯಲು ಕುಳಿತರು.

ಬರೆದ ರೀತಿಯನ್ನು ಗಮನವಿಟ್ಟು ಕೇಳಿರಿ, ಯಾವ ಸಂಘದವರಾದರೂ ಕಲಿಯಬಹುದಾದ ಕಸುಬು ಅದು. ಮಾರಿಯೊ ಲೋದಿ ಎಂಬ ಹಳ್ಳಿಯ ಮಾಸ್ತರರು 1963ರಲ್ಲಿ ಬೆಟ್ಟಕ್ಕೆ ಬಂದುಹೋದ ಮೇಲೆ, ಅವರ ಶಾಲೆಯ ಮಕ್ಕಳಿಗೆ ಕಾಗದ ಬರೆಯುತ್ತ ಇದು ರೂಢಿಯಾಯಿತು. ಪ್ರತಿಯೊಬ್ಬನೂ ಹೊಳೆದದ್ದನ್ನು ಚೀಟಿಗಳಲ್ಲಿ ಬರೆಯುವುದು, ಒಂದು ಚೀಟಿಗೆ ಒಂದೇ ವಿಚಾರ. ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೇ ಜಾತಿಯವನ್ನು ಕೂಡಿಸಿ ಗುಂಪು ಮಾಡುವುದು. ಗುಂಪೇ ಒಂದು ಅಧ್ಯಾಯ. ಬಳಿಕ ವಾಕ್ಯಗಳನ್ನು ಜೋಡಿಸಿ, ದಂಡದ ಶಬ್ದಗಳನ್ನು ಕಳೆಯುವುದು. ಹೊರಗಿನವರಿಗೆ ಓದಿ ಹೇಳಿ, ಅವರು ಎಲ್ಲಿ ಮುಗ್ಗರಿಸಿದರೋ ಅಲ್ಲಿ ತಿದ್ದುವುದು. ತಿಂಗಳುಗಟ್ಟಲೆ ಹೀಗೆ ನಡೆಯಿತು.

ಬರಿಯ ಕೋಪವನ್ನಷ್ಟೇ ಅವರು ಬರೆಯಲಿಲ್ಲ. ಶಾಲೆಗಳ ಹಾಜರಿ ಪುಸ್ತಕಗಳನ್ನು ತಿರುವಿ ಲೆಕ್ಕ ಹಾಕಿದರು. 1962ರ ಕಾನೂನು ಎಲ್ಲ ಮಕ್ಕಳಿಗೂ 14 ವರ್ಷದವರೆಗೆ ಒಂದೇ ಬಗೆಯ ಶಾಲೆಯೆಂದಿತ್ತು. ಹಾಗಾದರೆ ನಡುವೆ ಕಳೆದುಹೋದವರು ಯಾರ ಮಕ್ಕಳು? ತಂದೆಯ ಕಸುಬಿನ ಪ್ರಕಾರ ಪಟ್ಟಿ ಮಾಡಿದಾಗ ಉತ್ತರ ತಾನೇ ಹೊರಬಿತ್ತು. ರೈತರ, ಕೂಲಿಕಾರರ ಮಕ್ಕಳು ರಾಶಿರಾಶಿಯಾಗಿ ಉದುರುತ್ತಿದ್ದರು, ಓದಿದವರ ಮಕ್ಕಳು ದಾಟಿಹೋಗುತ್ತಿದ್ದರು. ದೇವರು ದಡ್ಡರನ್ನು ಬಡವರ ಮನೆಯಲ್ಲೇ ಹುಟ್ಟಿಸುತ್ತಾನೆಯೆ? ಹುಡುಗರು ಮೂರು ಬೇಡಿಕೆ ಇಟ್ಟರು. ನಪಾಸು ಮಾಡಬೇಡಿರಿ. ಹಿಂದೆ ಬಿದ್ದವರಿಗೆ ದಿನವಿಡೀ ಶಾಲೆ ನಡೆಸಿರಿ. ಆಸಕ್ತಿಯಿಲ್ಲದವನ ಮುಂದೆ ಒಂದು ಗುರಿ ಇಡಿರಿ. ಪತ್ರಿಕೆ, ಸಂವಿಧಾನ, ಕಾರ್ಮಿಕರ ಕೂಲಿ ಕರಾರು ಇವಕ್ಕೆ ನಿಮ್ಮ ಪಾಠದಲ್ಲಿ ಜಾಗವೇಕಿಲ್ಲವೆಂದೂ ಕೇಳಿದರು. ಪುಸ್ತಕ 1967ರ ಮೇ ತಿಂಗಳಲ್ಲಿ ಹೊರಬಂತು. ಜೂನ್ 26ರಂದು ಮಿಲಾನಿಯವರು ತೀರಿಕೊಂಡರು, 44 ವರ್ಷ. ಮೊದಲೇ ಕೊಂಡ ಜಾಗದಲ್ಲೇ ಮಣ್ಣಾದರು.

ಎರಡನೆಯ ಬೇಡಿಕೆ ಪ್ರಾಥಮಿಕ ಶಾಲೆಗಳ ಮಟ್ಟಿಗೆ 1971ರ ಕಾನೂನಿನಲ್ಲಿ ಕಂಡಿತು. ಇದಕ್ಕಿಂತಲೂ ನಮಗೆ ಹಿಡಿಸಿದ್ದು 1973ರ ಸಂಗತಿ. ಇಟಲಿಯ ಲೋಹ ಕಾರ್ಮಿಕರು ತಮ್ಮ ಕರಾರಿನಲ್ಲಿ ಕೂಲಿ ಹೆಚ್ಚಳದ ಜೊತೆಗೆ ಓದುವುದಕ್ಕೆ 150 ತಾಸುಗಳ ಸಂಬಳದ ಬಿಡುವು ಪಡೆದರು. ಶಾಲೆ ನಡುವೆ ಬಿಟ್ಟ ಸಾವಿರಾರು ಕೆಲಸಗಾರರು ಆ ತಾಸುಗಳಲ್ಲಿ ಮಾಧ್ಯಮಿಕ ಪರೀಕ್ಷೆ ಮುಗಿಸಿದರು. ಬಾರ್ಬಿಯಾನದಲ್ಲಿ ಬೆಳೆದ ಮಿಕೇಲೆ ಜೆಸುಆಲ್ದಿಯವರು ಕಾರ್ಮಿಕ ಸಂಘದಲ್ಲಿ ದುಡಿದು, 1995ರಿಂದ 2004ರವರೆಗೆ ಫ್ಲಾರೆನ್ಸ್ ಪ್ರಾಂತದ ಅಧ್ಯಕ್ಷರಾಗಿದ್ದರು.

ಅಷ್ಟು ದೂರದ ಮಾತು ಇಲ್ಲಿಗೇಕೆ ಎಂದು ಕೇಳಬಹುದು. ನಮ್ಮ ದೇಶದ 2009ರ ಶಿಕ್ಷಣ ಹಕ್ಕಿನ ಕಾನೂನು ಎಂಟನೆಯ ತರಗತಿಯವರೆಗೆ ಯಾರನ್ನೂ ನಪಾಸು ಮಾಡಬಾರದೆಂದಿತು. 2019ರಲ್ಲಿ ಅದನ್ನು ತಿದ್ದಿ, 5 ಮತ್ತು 8ರಲ್ಲಿ ತಡೆಹಿಡಿಯುವುದನ್ನು ಸರಕಾರಗಳ ಇಷ್ಟಕ್ಕೆ ಬಿಟ್ಟರು. ನಮ್ಮ ರಾಜ್ಯದಲ್ಲಿ ಈ ತರಗತಿಗಳಿಗೆ ಬೋರ್ಡ್ ಪರೀಕ್ಷೆ ಇಡುವ ವಿಷಯ 2023, 2024ರಲ್ಲಿ ಕೋರ್ಟು ಹತ್ತಿತು. ಪರೀಕ್ಷೆ ಬೇಕೋ ಬೇಡವೋ ಎಂದು ವಾದ ಬಹಳ ನಡೆಯಿತು. ಹಿಂದೆ ಬಿದ್ದ ಮಗುವಿಗೆ ಸಂಜೆ ಯಾರು ಕಲಿಸಬೇಕು, ಎಲ್ಲಿ ಕಲಿಸಬೇಕು ಎಂಬ ಚರ್ಚೆ ಮಾತ್ರ ನಮ್ಮ ಕಿವಿಗೆ ಬಿದ್ದದ್ದು ಕಡಿಮೆ. ಸುಮ್ಮನೆ ಪಾಸು ಮಾಡಿ ಮುಂದೆ ತಳ್ಳುವುದನ್ನು ಆ ಎಂಟು ಹುಡುಗರು ಕೇಳಿರಲಿಲ್ಲ. ಮೊದಲನೆಯ ಬೇಡಿಕೆಯನ್ನು ಎರಡನೆಯದರಿಂದ ಬಿಡಿಸಿ ಓದುವವರು ಅವರ ಪತ್ರವನ್ನು ಅರ್ಧವೇ ಓದಿದಂತೆ.

ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ವಹಿ ಇಟ್ಟಿರುತ್ತೇವೆ. ನಿಮ್ಮ ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಹುಡುಗ ಹುಡುಗಿಯರೆಷ್ಟು, ಯಾವ ತರಗತಿಯಲ್ಲಿ ಬಿಟ್ಟರು, ಈಗ ಏನು ಮಾಡುತ್ತಿದ್ದಾರೆ, ತಂದೆ ತಾಯಿಯ ಕಸುಬೇನು, ಇಷ್ಟನ್ನು ಬರೆಸಿರಿ. ಹೆಸರು ಬೇಡ. ಬರೆಯಲು ಬಾರದವರು ಹೇಳಿದರೆ ಸಾಕು, ನಮ್ಮ ತರುಣರು ಬರೆದುಕೊಳ್ಳುತ್ತಾರೆ. ಬರುವ ಭಾನುವಾರ ಇದೇ ಮೇಜಿನ ಮೇಲೆ ಅದನ್ನು ಹರಡಿ ಲೆಕ್ಕ ಹಾಕೋಣ.