ವಿಮಾನಪುರದ ನೆಲ ಯಾರದು?

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವರ್ತಕರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳು)



ಇಂದಿನ ಭಾಷಣ ವಿಮಾನ ನಿಲ್ದಾಣದ ವಿಷಯ ಎಂದು ಕರಪತ್ರದಲ್ಲಿ ಓದಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಬಸ್ಸಿನ ಚಾರ್ಜಿಗೇ ಲೆಕ್ಕ ಹಾಕುವವರ ಮುಂದೆ ವಿಮಾನದ ಪುರಾಣ ಯಾತಕ್ಕೆ? ಈ ಸಭೆಯಲ್ಲಿ ವಿಮಾನ ಹತ್ತಿದವರು ಕೈ ಎತ್ತಿ ಎಂದರೆ ಎಷ್ಟು ಕೈ ಮೇಲೇಳುತ್ತವೆಂದು ನಮಗೆ ಗೊತ್ತು. ನಮ್ಮ ಕೈಯೂ ಏಳುವುದಿಲ್ಲ. ಆದರೂ ಈ ಮಾತು ನಿಮ್ಮದೇ ಎಂದು ತಿಳಿದು ಹೇಳುತ್ತಿದ್ದೇವೆ.

ನಾವು ಮಾಸ್ತರಿಕೆಯಲ್ಲಿದ್ದಾಗ ಒಮ್ಮೆ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಎಚ್.ಎ.ಎಲ್. ಕಾರ್ಖಾನೆಯವರ ವಿಮಾನ ವಸ್ತುಸಂಗ್ರಹಾಲಯವನ್ನು ನೋಡಿಕೊಂಡು ಹೊರಗೆ ಬಂದಾಗ ಒಬ್ಬ ಹುಡುಗಿ ಅಂಗಡಿಯ ಫಲಕ ಓದಿದಳು: ಹಳೇ ಏರ್‌ಪೋರ್ಟ್ ರಸ್ತೆ. "ಸಾರ್, ಹಳೇದು ಅಂದ್ರೆ ಕೆಟ್ಟು ಹೋಯ್ತಾ?" ಎಂದು ಕೇಳಿದಳು. ಅಷ್ಟರಲ್ಲಿಯೇ ತಲೆಯ ಮೇಲೆ ಸೈನ್ಯದ ವಿಮಾನವೊಂದು ಕಿವಿ ಗಡಚಿಕ್ಕುವಂತೆ ಹಾರಿಹೋಯಿತು. ಕೆಟ್ಟಿಲ್ಲವೆಂಬುದು ಮಗುವಿಗೇ ತಿಳಿಯಿತು. ಮತ್ತೆ ಜನರ ವಿಮಾನ ಅಲ್ಲಿಗೆ ಯಾಕೆ ಬರುವುದಿಲ್ಲ? ಅಂದು ನಮಗೆ ಉತ್ತರ ಕೊಡಲಾಗಲಿಲ್ಲ. ಓದಿ, ಕೇಳಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇವೆ.

ಈ ಕಥೆ 1940ರಲ್ಲಿ ಆರಂಭವಾಗುತ್ತದೆ. ಯುರೋಪಿನಲ್ಲಿ ಯುದ್ಧ ಹೊತ್ತಿ ಉರಿಯುತ್ತಿತ್ತು. ಮುಂಬಯಿಯ ಬಂಡವಾಳಗಾರ ವಾಲಚಂದ ಹೀರಾಚಂದರಿಗೆ ಹಡಗು ಕಟ್ಟಬೇಕು, ವಿಮಾನ ಕಟ್ಟಬೇಕು ಎಂಬ ಹಂಬಲ. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸಿದ್ದ ಪಾಲಿ ಎಂಬ ಅಮೆರಿಕದವನ ಜೊತೆ ಸೇರಿಕೊಂಡರು. ನೆಲ ಬೇಕಿತ್ತು. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಬೆಂಗಳೂರಿನ ಪೂರ್ವಕ್ಕೆ 700 ಎಕರೆಯನ್ನು ಬಿಟ್ಟಿಯಾಗಿ ಕೊಟ್ಟರು. ಸಂಸ್ಥಾನ ಪಾಲು ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು 4 ಕೋಟಿ ರೂಪಾಯಿಯ ಅಧಿಕೃತ ಬಂಡವಾಳದೊಡನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ವಾಲಚಂದರ ಸಾಹಸವನ್ನು ನಾವು ಸಣ್ಣದು ಮಾಡುವುದಿಲ್ಲ. ಆದರೆ ಬಿಟ್ಟಿಯಾಗಿ ಕೊಟ್ಟದ್ದು ದಿವಾನರ ಮನೆಯ ಹಿತ್ತಲಲ್ಲ, ಸಂಸ್ಥಾನದ ಪ್ರಜೆಗಳ ನೆಲ. ಸಂಸ್ಥಾನ ಹಾಕಿದ ಹಣವೂ ಕಂದಾಯ ಕಟ್ಟಿದವರದೇ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ.

ಮರುವರ್ಷವೇ ಅಲ್ಲಿ ಜೋಡಿಸಿದ ಮೊದಲ ವಿಮಾನ ಹಾರಿತು. ಆಗ ಬ್ರಿಟಿಷ್ ಇಂಡಿಯಾ ಸರಕಾರವೂ ಕಂಪನಿಯಲ್ಲಿ ಪಾಲು ಕೊಂಡಿತು. ಅಷ್ಟರಲ್ಲಿ ಜಪಾನಿನವರು ಬರ್ಮಾಕ್ಕೆ ಬಂದರು, 1942ರ ಮಾರ್ಚಿಯಲ್ಲಿ ರಂಗೂನು ಬಿತ್ತು. ಏಪ್ರಿಲ್ 2ರಂದು ದಿಲ್ಲಿಯಿಂದ ಪ್ರಕಟಣೆ ಬಂತು: ವಾಲಚಂದರ ಹಾಗೂ ಉಳಿದ ಪ್ರವರ್ತಕರ ಪಾಲನ್ನು ಸರಕಾರ ಕೊಂಡಿದೆ. ಮೈಸೂರು ಮಾತ್ರ ತನ್ನ ಪಾಲು ಮಾರಲು ಒಪ್ಪಲಿಲ್ಲ, ಆಡಳಿತವನ್ನಷ್ಟೇ ಬಿಟ್ಟುಕೊಟ್ಟಿತು. ಕಾರ್ಖಾನೆ ಸರಕಾರದ್ದಾದದ್ದು ಸಮಾಜವಾದದಿಂದಲ್ಲ, ಸಾಮ್ರಾಜ್ಯದ ಭಯದಿಂದ ಎಂಬುದನ್ನು ಗಮನಿಸಬೇಕು. ಅವಶ್ಯವೆಂದು ಕಂಡಾಗ ಸರಕಾರಗಳು ಒಂದೇ ವಾರದಲ್ಲಿ ಎಂಥ ಸಾಹುಕಾರನ ಆಸ್ತಿಯನ್ನೂ ಕೊಳ್ಳಬಲ್ಲವು. ನಮ್ಮ ಗಿರಣಿಯ ವಿಷಯ ಬಂದಾಗ ಮಾತ್ರ ಕಾನೂನಿನ ತೊಡಕು ಎನ್ನುತ್ತವೆ!

1943ರಲ್ಲಿ ನೆಲ, ಷೆಡ್ಡು, ಓಡುದಾರಿ ಎಲ್ಲವೂ ಅಮೆರಿಕದ ಸೇನಾ ವಿಮಾನ ದಳದ ಕೈಗೆ ಹೋಯಿತು. 84ನೆಯ ಏರ್ ಡಿಪೋ ಎಂದು ಹೆಸರು. ಪೂರ್ವ ದೇಶಗಳಲ್ಲಿಯೇ ಅತಿ ದೊಡ್ಡ ವಿಮಾನ ದುರಸ್ತಿಯ ಸ್ಥಳವಾಗಿ ಅದು ಬೆಳೆಯಿತು. ಹಳ್ಳಿಗಳಿಂದ ಬಂದ ನಮ್ಮವರ ಕೈ ಆ ಭಾರಿ ಯಂತ್ರಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತದ್ದು ಅಲ್ಲಿ. ಯುದ್ಧ ಮುಗಿದು ಕಾರ್ಖಾನೆ ಮರಳಿ ಬಂದಾಗ ದುರಸ್ತಿಗೆ ವಿಮಾನ ಸಾಲದು. ಅದೇ ಕೈಗಳು ರೈಲು ಡಬ್ಬಿ ಕಟ್ಟಿದವು, ಬಸ್ಸಿನ ಮೈ ಕಟ್ಟಿದವು. ಕೆಲಸ ಬಲ್ಲವನಿಗೆ ಕಬ್ಬಿಣ ಒಂದೇ, ಹಾರಿದರೇನು, ಉರುಳಿದರೇನು. ಘಾಟಗೆಯವರ ನೇತೃತ್ವದಲ್ಲಿ ಇಲ್ಲಿಯೇ ರಚಿಸಿದ ಎಚ್.ಟಿ.-2 ವಿಮಾನ 1951ರಲ್ಲಿ ಹಾರಿತು. 1961ರ ಜೂನ್ 17ರಂದು ಮಾರುತ ಎಂಬ ಜೆಟ್ ಯುದ್ಧವಿಮಾನ ಅದೇ ಓಡುದಾರಿಯಿಂದ ಮೇಲೆದ್ದಿತು. 1964ರಲ್ಲಿ ಕಂಪನಿಯ ಹೆಸರು ಹಿಂದೂಸ್ತಾನ್ ಏರೋನಾಟಿಕ್ಸ್ ಎಂದಾಯಿತು.

ಇನ್ನು ಜನರ ವಿಮಾನಕ್ಕೆ ಬರೋಣ. 1946ರಲ್ಲಿ ಹೈದರಾಬಾದಿನ ಡೆಕ್ಕನ್ ಏರ್‌ವೇಸಿನವರು ಬೇಗಂಪೇಟೆಯಿಂದ ಇಲ್ಲಿಗೆ ವಿಮಾನ ಓಡಿಸತೊಡಗಿದರು. ಅಲ್ಲಿಂದ 62 ವರ್ಷ, ರಕ್ಷಣಾ ಇಲಾಖೆಯ ಕಾರ್ಖಾನೆಯ ಒಂದೇ ಓಡುದಾರಿಯಲ್ಲಿ ಸೈನ್ಯದ ವಿಮಾನ, ಪರೀಕ್ಷೆಯ ವಿಮಾನ, ಪ್ರಯಾಣಿಕರ ವಿಮಾನ ಸರತಿಯ ಮೇಲೆ ಇಳಿದು ಏರಿದವು. ಅದು ಜಾಯಿಂಟು ಕುಟುಂಬದ ಅಡುಗೆಮನೆಯಂತೆ. ಜಗಳವಿದ್ದರೂ ಊಟ ನಡೆಯುತ್ತಿತ್ತು. 1953ರಲ್ಲಿ ವಿಮಾನ ಕಂಪನಿಗಳೆಲ್ಲ ರಾಷ್ಟ್ರದ್ದಾದವು, 1994ರಲ್ಲಿ ಆ ಕಾನೂನನ್ನು ಕಿತ್ತು ಹಾಕಿದರು. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ವಿಮಾನ ಓಡುದಾರಿ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿದ್ದು 146 ಜನರಲ್ಲಿ 92 ಮಂದಿ ತೀರಿಕೊಂಡರು. ಆ ದುಃಖವನ್ನೂ ಈ ನೆಲ ಕಂಡಿದೆ.

ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯಮ ಬೆಳೆದಂತೆ ಪ್ರಯಾಣಿಕರು ಬೆಳೆದರು. ವರ್ಷಕ್ಕೆ 40 ಲಕ್ಷ ಜನರಿಗೂ ಸಾಲದ ಕಟ್ಟಡಕ್ಕೆ ಕೊನೆಯ ವರ್ಷ ಸುಮಾರು ಒಂದು ಕೋಟಿ ಜನ ಬಂದರು. ನೂಕುನುಗ್ಗಲು ನಿಜ. ಸುತ್ತ ಊರು ಕಟ್ಟಿಕೊಂಡು ಬೆಳೆಯಲು ಜಾಗವಿರಲಿಲ್ಲ, ಅದೂ ನಿಜ. ಹೊಸ ನಿಲ್ದಾಣ ಬೇಕಾಗಿತ್ತೆಂಬುದಕ್ಕೆ ನಮ್ಮ ತಕರಾರಿಲ್ಲ. ಯುದ್ಧವಿಮಾನದ ಪರೀಕ್ಷೆ ನಡೆಯುವಲ್ಲಿ ಪ್ರಯಾಣಿಕರ ದಟ್ಟಣೆ ಕಡಿಮೆಯಾದರೆ ಒಳ್ಳೆಯದೆಂದೂ ಒಪ್ಪುತ್ತೇವೆ. ನಮ್ಮ ತಕರಾರಿರುವುದು ಕರಾರು ಪತ್ರದ ಮೇಲೆ.

2004ರ ಜುಲೈಯಲ್ಲಿ ಕೇಂದ್ರ ಸರಕಾರ ದೇವನಹಳ್ಳಿಯ ಹೊಸ ನಿಲ್ದಾಣದ ಕಂಪನಿಗೆ ಪತ್ರ ಬರೆದುಕೊಟ್ಟಿತು. ಆ ಕಂಪನಿಯಲ್ಲಿ ಜರ್ಮನಿಯ ಸೀಮೆನ್ಸಿಗೆ ನೂರಕ್ಕೆ 40, ಜ್ಯೂರಿಕ್ಕಿನ ನಿಲ್ದಾಣದವರಿಗೆ 17, ಲಾರ್ಸನ್ ಟುಬ್ರೊಗೆ 17. ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ 13, ನಮ್ಮ ರಾಜ್ಯದ ನಿಗಮಕ್ಕೆ 13. ಸುಮಾರು 4,000 ಎಕರೆ ನೆಲ ಗುತ್ತಿಗೆಗೆ ಹೋದದ್ದು ಮಾತ್ರ ರಾಜ್ಯದ ಕಡೆಯಿಂದಲೇ. 1940ರ ಕಥೆ ನೆನಪಾಯಿತೇ?

ಆ ಪತ್ರದಲ್ಲಿ ಒಂದು ಷರತ್ತು ಇದೆ. ಹೊಸ ನಿಲ್ದಾಣ ತೆರೆದಂದಿನಿಂದ 25 ವರ್ಷ ತುಂಬುವವರೆಗೆ ಅದರ ಸುತ್ತ 150 ಕಿಲೋಮೀಟರಿನೊಳಗೆ, ಮೈಸೂರು ಹಾಸನಗಳನ್ನು ಬಿಟ್ಟರೆ, ಅಂತರರಾಷ್ಟ್ರೀಯ ನಿಲ್ದಾಣ ಇನ್ನೊಂದು ಏಳಕೂಡದು. ಹೊಸದು ತೆರೆದ ದಿನ ಎಚ್.ಎ.ಎಲ್. ನಿಲ್ದಾಣ ಪ್ರಯಾಣಿಕರ ವಿಮಾನಕ್ಕೆ ಮುಚ್ಚಬೇಕು. ವರ್ತಕ ಬಂಧುಗಳೇ, ಇದು ನಿಮಗೆ ಬೇಗ ಅರ್ಥವಾಗುತ್ತದೆ. ನಿಮ್ಮ ಪೇಟೆಗೆ ಒಬ್ಬ ದೊಡ್ಡ ಸಾಹುಕಾರ ಬಂದು, ಪುರಸಭೆಯ ಜಾಗದಲ್ಲಿ ಅಂಗಡಿ ಹಾಕಿ, ಪುರಸಭೆಯಿಂದಲೇ ಬರೆಯಿಸಿಕೊಳ್ಳುತ್ತಾನೆ: ಇಪ್ಪತ್ತೈದು ವರ್ಷ ಈ ಪೇಟೆಯಲ್ಲಿ ಎರಡನೆಯ ಅಂಗಡಿ ಕೂಡದು, ಪುರಸಭೆಯ ಸ್ವಂತ ಅಂಗಡಿಗೂ ಬೀಗ ಹಾಕಬೇಕು. ಇದೇ ಜನ ನಿಮಗೆ ಬೆಳಗಿನಿಂದ ಸಂಜೆಯವರೆಗೆ ಸ್ಪರ್ಧೆಯ ಮಹಿಮೆ ಉಪದೇಶ ಮಾಡುವವರು! ಬಡವನಿಗೆ ಸ್ಪರ್ಧೆ, ಬಂಡವಾಳಗಾರನಿಗೆ ರಕ್ಷಣೆ.

ಸುಮ್ಮನೆ ಮುಚ್ಚಿದರೆಂದು ಯಾರೂ ತಿಳಿಯಬಾರದು. ಹೈದರಾಬಾದಿನ ಬೇಗಂಪೇಟೆಗೂ ಆಗ ಇದೇ ಗತಿ ಕಾದಿತ್ತು. 2008ರ ಮಾರ್ಚಿಯಲ್ಲಿ ನಿಲ್ದಾಣ ಪ್ರಾಧಿಕಾರದ ನೌಕರರು ದೇಶದಾದ್ಯಂತ ಮುಷ್ಕರ ಹೂಡಿದರು. ಎರಡೂ ಹಳೆಯ ನಿಲ್ದಾಣಗಳನ್ನು ಮುಚ್ಚಬಾರದೆಂದು ಸಂಸತ್ತಿನ ಸ್ಥಾಯೀ ಸಮಿತಿಯೂ ಹೇಳಿತು. ಸರಕಾರದ ಉತ್ತರ ಒಂದೇ: ಕರಾರಿಗೆ ಸಹಿ ಆಗಿದೆ. ಕಾರ್ಮಿಕರೊಡನೆ ಮಾಡಿಕೊಂಡ ಒಪ್ಪಂದಕ್ಕೆ ಸರಕಾರ ಇಷ್ಟು ನಿಷ್ಠೆ ತೋರಿದ್ದನ್ನು ನಾವಂತೂ ಕಂಡಿಲ್ಲ. ಬೆಂಗಳೂರಿನ ಸರಕಾರಿ ಕಾರ್ಖಾನೆಗಳ ಕಾರ್ಮಿಕರು 1980-81ರಲ್ಲಿ 77 ದಿನ ಹೊರಗೆ ನಿಂತರು. ಎಚ್.ಎ.ಎಲ್. ನೌಕರರು 2019ರ ಅಕ್ಟೋಬರಿನಲ್ಲಿ ಸಂಬಳದ ಪರಿಷ್ಕರಣೆಗಾಗಿ ಮತ್ತೆ ಮುಷ್ಕರಕ್ಕೆ ಇಳಿಯಬೇಕಾಯಿತು. ಅದಕ್ಕೆ ಹಿಂದಿನ ವರ್ಷವೇ ಕಾರ್ಖಾನೆಯ ಷೇರುಗಳನ್ನು ಪೇಟೆಗೆ ಬಿಟ್ಟಿದ್ದರು.

2008ರ ಮೇ 23ರ ನಡುರಾತ್ರಿ ಪ್ರಯಾಣಿಕರ ಬಾಗಿಲು ಮುಚ್ಚಿತು. ಮುರುಗೇಶಪಾಳ್ಯದ ಕಡೆ ಚಹದಂಗಡಿ ಇಟ್ಟಿದ್ದ ಹಿರಿಯರೊಬ್ಬರನ್ನು ನಾವು ಮಾತನಾಡಿಸಿದ್ದೆವು. ಟ್ಯಾಕ್ಸಿಯವರು, ಹಮಾಲರು, ಬೀಳ್ಕೊಡಲು ಬಂದವರು, ಎಲ್ಲ ಒಂದೇ ರಾತ್ರಿಗೆ ಇಲ್ಲವಾದರಂತೆ. "ಮಾರನೇ ದಿನ ಹಾಲು ಹಾಗೇ ಉಳೀತು ಮೇಷ್ಟ್ರೇ, ಯಾರೂ ಮುಂಚೆ ಒಂದು ಮಾತು ಹೇಳಲಿಲ್ಲ" ಎಂದರು. ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಬಂದಿತ್ತಲ್ಲ ಎಂದು ನಾವು ಅನ್ನಹೊರಟು ಸುಮ್ಮನಾದೆವು. ಪತ್ರಿಕೆಯಲ್ಲಿ ಬರುವುದು ಬೇರೆ, ಅವರನ್ನು ಕೇಳುವುದು ಬೇರೆ.

ಓಡುದಾರಿ ಇಂದಿಗೂ ಹಾಗೆಯೇ ಇದೆ, 3,300 ಮೀಟರ್ ಉದ್ದ. ವಾಯುಪಡೆಯ ಪರೀಕ್ಷಾ ಸಂಸ್ಥೆ ಅಲ್ಲಿದೆ, ತೇಜಸ್ 2001ರ ಜನವರಿ 4ರಂದು ಮೊದಲು ಹಾರಿದ್ದೂ ಅಲ್ಲಿಂದಲೇ. ಶ್ರೀಮಂತರ ಸ್ವಂತ ವಿಮಾನಗಳೂ ಅಲ್ಲಿ ಇಳಿಯುತ್ತವೆ. ಸೈನ್ಯದ ಕೆಲಸಕ್ಕೆ ಅಡ್ಡಿಯಾಗುವುದು ಟಿಕೆಟ್ಟು ಕೊಂಡವನ ವಿಮಾನ ಮಾತ್ರವೆಂದು ಕಾಣುತ್ತದೆ!

ಇನ್ನು ಆ 150 ಕಿಲೋಮೀಟರು. 2024ರಲ್ಲಿ ತಮಿಳುನಾಡು ಸರಕಾರ ಹೊಸೂರಿನಲ್ಲಿ ನಿಲ್ದಾಣ ಕಟ್ಟುವುದಾಗಿ ಸಾರಿತು. ಅದೂ ಈ ಗೆರೆಯ ಒಳಗೇ ಬರುತ್ತದೆ. ಬೆಂಗಳೂರಿಗೆ ಎರಡನೆಯ ನಿಲ್ದಾಣ ಎಲ್ಲಿ ಎಂದು ನಮ್ಮ ಮಂತ್ರಿಗಳೂ ಜಾಗ ನೋಡಹೊರಟರು. ಷರತ್ತಿನ 25 ವರ್ಷ ತುಂಬುವುದು 2033ರ ಮೇಯಲ್ಲಿ. ಮತ್ತೆ ರೈತರ ನೆಲ ಕೇಳುತ್ತಾರೆ, ಮತ್ತೆ ಒಂದು ಪತ್ರ ಬರೆಯುತ್ತಾರೆ. ಆ ಪತ್ರದ ಕರಡು ಸಹಿಗೆ ಮೊದಲು ಕನ್ನಡದಲ್ಲಿ ಅಚ್ಚಾಗಿ ವಿಧಾನಸಭೆಯ ಮುಂದೆ ಬರಬೇಕು, ನೆಲ ಕೊಡುವ ಹಳ್ಳಿಗಳ ಚಾವಡಿಗೂ ಹೋಗಬೇಕೆಂದು ಒಂದು ಮನವಿಯನ್ನು ಬರೆದು ತಂದಿದ್ದೇವೆ. ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದೆ. ಓದಿ, ಒಪ್ಪಿಗೆಯಾದವರು ಸಹಿ ಹಾಕಿ. ಒಪ್ಪದವರು ಅಲ್ಲೇ ನಿಂತು ನಮ್ಮೊಡನೆ ಜಗಳವಾಡಬಹುದು. ರಾತ್ರಿ ಪಾಳಿಯ ಸೀಟಿ ಊದುವವರೆಗೆ ನಾವು ಇಲ್ಲಿಯೇ ಇರುತ್ತೇವೆ.