ಮೂವತ್ತು-ನಲವತ್ತರ ಮನೆಗೂ ಒಂದು ಹಿತ್ತಲು



ಬೆಂಗಳೂರಿನ ಹೊರವಲಯದ ಕುಟುಂಬಗಳು ಸುಸ್ಥಿರವಾಗಿ ಬದುಕುವುದು ಹೇಗೆ ಎಂಬುದು ಈ ಎರಡು ದಿನಗಳ ವಿಚಾರ ಸಂಕಿರಣದ ವಿಷಯ. ಆಶಯ ಭಾಷಣ ಮಾಡಬೇಕೆಂದು ಸಂಘಟಕರು ಕೇಳಿದಾಗ ನನಗೆ ನೆನಪಾದದ್ದು ಒಂದು ಪಾತ್ರೆ ಅಕ್ಕಚ್ಚು. ರೆವಿನ್ಯೂ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿ ಒಕ್ಕಲಾದ ಮಾರನೆಯ ದಿನ, ಅಮ್ಮ ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬಂದರು. ಮನೆಯ ಸುತ್ತ ಮೂರಡಿ ಜಾಗ, ಅದಕ್ಕೂ ಸಿಮೆಂಟು. ಎದುರಿಗೆ ಸಂಪಿನ ಮುಚ್ಚಳ, ಅದರ ಮೇಲೆ ಸ್ಕೂಟರು. "ಇದನ್ನ ಎಲ್ಲಿ ಚೆಲ್ಲಲೋ?" ಎಂದರು. "ಸಿಂಕಿಗೆ ಸುರಿದುಬಿಡಮ್ಮ" ಎಂದೆ. ಅವರು ಸುರಿದರು. ಆದರೆ ಪ್ರಶ್ನೆ ನನ್ನಲ್ಲಿ ಉಳಿದುಕೊಂಡಿತು.

ಊರ ಮನೆಯಲ್ಲಿ ಆ ನೀರು ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು, ಬಾನಿಯಿಂದ ಹಸುವಿಗೆ. ಬಚ್ಚಲ ನೀರು ಬಾಳೆಯ ಬುಡಕ್ಕೆ, ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ, ಸೆಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ. ಇವೆಲ್ಲ ನಡೆಯುತ್ತಿದ್ದ ಜಾಗವನ್ನು ನಾವು ಹಿತ್ತಲು ಎನ್ನುತ್ತಿದ್ದೆವು. ಅದು ನಾಲ್ಕು ಕೆಲಸ ಮಾಡುತ್ತಿತ್ತು: ಬಾವಿಯಿಂದ ನೀರು ಕೊಡುವುದು, ಬಳಸಿದ ನೀರನ್ನು ಹೀರಿಕೊಳ್ಳುವುದು, ಕಸವನ್ನು ಅರಗಿಸುವುದು, ಬಿಸಿಲಿನಿಂದ ಕೆಲಸ ತೆಗೆಯುವುದು. ಬಟ್ಟೆ, ಹಪ್ಪಳ, ಸೌದೆ ಎಲ್ಲವೂ ಒಣಗುತ್ತಿದ್ದದ್ದು ಅಲ್ಲೇ.

ಬಡಾವಣೆಯ ನಕ್ಷೆಯಲ್ಲಿ ಹಿತ್ತಲಿಗೆ ಜಾಗವಿಲ್ಲ. ಹಾಗೆಂದು ಆ ನಾಲ್ಕು ಕೆಲಸಗಳು ನಿಂತವೇ? ಇಲ್ಲ. ನಮ್ಮ ಬಾವಿ ಈಗ ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಲ್ಲಿದೆ. ಅಲ್ಲಿಂದ ಕಾವೇರಿ ನೀರನ್ನು ಮೂರು ಹಂತಗಳಲ್ಲಿ ಪಂಪ್ ಮಾಡಿ ಮೇಲಕ್ಕೆ ತರುತ್ತೇವೆ. ನಮ್ಮ ತಿಪ್ಪೆ ಮಾವಳ್ಳಿಪುರದಲ್ಲಿತ್ತು. 2012ರಲ್ಲಿ ಅಲ್ಲಿನವರು ಸಾಕೆಂದ ಮೇಲೆ ಮಂಡೂರಿಗೆ ಹೋಯಿತು. 2014ರಲ್ಲಿ ಮಂಡೂರಿನವರೂ ರಸ್ತೆಗಿಳಿದರು. ಆಮೇಲೆ ಹಳೆಯ ಕಲ್ಲುಕ್ವಾರಿಗಳತ್ತ ತಿರುಗಿತು. ನಮ್ಮ ಬಚ್ಚಲ ನೀರು ರಾಜಕಾಲುವೆಗಳಲ್ಲಿ ಹರಿದು ಬೆಳ್ಳಂದೂರು ಕೆರೆಯಲ್ಲಿ ನೊರೆಯಾಗಿ ಎದ್ದದ್ದನ್ನು ದೇಶವೇ ನೋಡಿದೆ. ಹಾಗಾಗಿ ಹಿತ್ತಲು ಕಳೆದುಹೋಯಿತು ಎಂದು ನಾವು ಕೊರಗಬೇಕಾಗಿಲ್ಲ. ಅದು ಇದೆ, ಬೇರೆಯವರ ಊರಿನಲ್ಲಿದೆ. ಆ ಹಿತ್ತಲನ್ನು ನಮ್ಮ ಮನೆಗೆ, ನಮ್ಮ ಬೀದಿಗೆ ಎಷ್ಟರ ಮಟ್ಟಿಗೆ ಮರಳಿ ತರಬಹುದು? ಈ ಸಂಕಿರಣದ ಮುಂದೆ ನಾನಿಡುವ ಪ್ರಶ್ನೆ ಇಷ್ಟೇ.

ಮೊದಲು ನೀರಿನ ಲೆಕ್ಕ. ಬೆಂಗಳೂರಿಗೆ ನಲ್ಲಿ ನೀರು ಬಂದದ್ದು 1890ರ ದಶಕದಲ್ಲಿ, ಹೆಸರಘಟ್ಟದಿಂದ. ಅದು ಸಾಲದಾದಾಗ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಮೊದಲ ಹಂತ. ಊರು ಬೆಳೆದಂತೆಲ್ಲ ನೀರು ದೂರವಾಗುತ್ತ ಹೋಯಿತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಯೋಜಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಹೊರವಲಯ ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರಿನ ಮೇಲೆ. 2024ರ ಬೇಸಿಗೆ ನಿಮಗೆಲ್ಲ ನೆನಪಿದೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಬೇಕಾಯಿತು. ಟ್ಯಾಂಕರಿನ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಯಿತು.

ಈಗ ತಲೆಯ ಮೇಲೆ ಬೀಳುವ ನೀರನ್ನು ನೋಡೋಣ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಅಡಿಯ ಸೈಟಿನಲ್ಲಿ ಸಾವಿರ ಚದರಡಿ ತಾರಸಿ ಇದ್ದರೆ ಅದು ಸುಮಾರು 93 ಚದರ ಮೀಟರ್. ಆವಿಯಾದದ್ದು, ಸೋರಿದ್ದು, ಮೊದಲ ಮಳೆಯ ಕೊಳೆ ನೀರೆಂದು ಹೊರಗೆ ಬಿಟ್ಟದ್ದು ಎಲ್ಲ ಕಳೆದರೂ ವರ್ಷಕ್ಕೆ 75,000 ಲೀಟರ್ ಕೈಗೆ ಸಿಗುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹನ್ನೆರಡು ಲೋಡಿಗಿಂತ ಹೆಚ್ಚು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದರೆ ನಾಲ್ವರ ಮನೆಗೆ ವರ್ಷಕ್ಕೆ ಬೇಕಾದದ್ದು ಸುಮಾರು 1,97,000 ಲೀಟರ್. ಅಂದರೆ ತಾರಸಿಯೊಂದೇ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಡುತ್ತದೆ.

ಇಷ್ಟು ನೀರನ್ನು ಹಿಡಿದಿಡಲು ದೊಡ್ಡ ಟ್ಯಾಂಕು ಬೇಡವೇ ಎಂದು ಕೇಳುತ್ತಾರೆ. ಬೆಂಗಳೂರಿನ ಮಳೆ ಕರಾವಳಿಯ ಮಳೆಯಂತೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಚಿಕೊಂಡು ಬರುತ್ತದೆ. ಸಂಪು ತುಂಬುತ್ತದೆ, ಬಳಸುತ್ತೇವೆ, ಮತ್ತೆ ತುಂಬುತ್ತದೆ. ತುಂಬಿ ಹೆಚ್ಚಾದದ್ದಕ್ಕೆ ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ ಸಾಕು. ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಮಳೆನೀರನ್ನೇ ನೆಚ್ಚಿ ಬದುಕಿ ತೋರಿಸಿದ್ದಾರೆ. ಮಳೆನೀರು ಸಂಗ್ರಹ ಕಡ್ಡಾಯವೆನ್ನುವ ಕಾನೂನೂ 2009ರಿಂದ ಇದೆ. ಆದರೂ ಎಷ್ಟೋ ಮನೆಗಳಲ್ಲಿ ಮಳೆನೀರಿನ ಪೈಪು ಇರುವುದು ನಕ್ಷೆಯಲ್ಲಿ ಮಾತ್ರ. ತಾರಸಿಯ ನೀರು ನೇರವಾಗಿ ಚರಂಡಿಗೆ ಬೀಳುತ್ತದೆ. ಇದು ಏಕೆ ಹೀಗಾಯಿತು ಎಂಬುದನ್ನು ಇಂದಿನ ಮೊದಲ ಗೋಷ್ಠಿ ಚರ್ಚಿಸಬೇಕು.

ಇನ್ನು ಕಸ. ನಾಲ್ವರ ಮನೆಯಲ್ಲಿ ದಿನಕ್ಕೆ ಒಂದು ಕಿಲೋದ ಆಸುಪಾಸು ಹಸಿ ಕಸ ಹುಟ್ಟುತ್ತದೆ. ಮಂಡೂರಿನಲ್ಲಿ ನಾರಿದ್ದು, ನೊಣ ಎಬ್ಬಿಸಿದ್ದು, ಅಂತರ್ಜಲಕ್ಕೆ ಇಳಿದದ್ದು ಮುಖ್ಯವಾಗಿ ಈ ಹಸಿ ಕಸವೇ. ಒಣ ಕಸದೊಡನೆ ಬೆರೆತರೆ ಎರಡೂ ಕೆಲಸಕ್ಕೆ ಬಾರದೆ ಹೋಗುತ್ತವೆ. ಬೇರ್ಪಡಿಸಿ ಕೊಡಿ ಎಂದು 2015ರ ಕೊನೆಯಲ್ಲಿ ಉಚ್ಚ ನ್ಯಾಯಾಲಯ ಹೇಳಿತು, 2016ರ ಕೇಂದ್ರ ನಿಯಮಗಳೂ ಹೇಳಿದವು. ಎರಡು ಡಬ್ಬಿ, ಒಂದು ಚೀಲ ಎಂಬ ಸೂತ್ರ ಮನೆಮಾತಾಯಿತು. ಇದರ ಮುಂದಿನ ಹೆಜ್ಜೆ ಹಸಿ ಕಸವನ್ನು ಗೇಟು ದಾಟಲು ಬಿಡದಿರುವುದು.

ಇಲ್ಲಿ ನನ್ನದೇ ಸೋಲಿನ ಕತೆ ಹೇಳಬೇಕು. ಮೂರು ಅಂತಸ್ತಿನ ಮಣ್ಣಿನ ಗೊಬ್ಬರದ ಕುಡಿಕೆಯನ್ನು ಉತ್ಸಾಹದಿಂದ ತಂದವನು ನಾನು. ಮೂರನೇ ವಾರಕ್ಕೆ ಹುಳು ಬಿತ್ತು, ವಾಸನೆ ಎದ್ದಿತು. ನಾನು ಆ ಕಡೆ ತಲೆ ಹಾಕುವುದನ್ನು ಬಿಟ್ಟೆ. ಅದನ್ನು ಸರಿಪಡಿಸಿದವಳು ನನ್ನ ಹೆಂಡತಿ. ಹಸಿ ಹೆಚ್ಚಾಗಿ ಗಾಳಿಯಾಡದಿದ್ದರೆ ಕೊಳೆಯುತ್ತದೆ, ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಬೆರೆತು ಗಾಳಿಯಾಡಿದರೆ ಕಳಿಯುತ್ತದೆ. ಒಂದು ಹಿಡಿ ಹಸಿ ಕಸಕ್ಕೆ ಒಂದು ಹಿಡಿ ಒಣ ಎಲೆ, ವಾರಕ್ಕೆರಡು ಸಲ ಕೈಯಾಡಿಸುವುದು, ಆಗೀಗ ಒಂದಿಷ್ಟು ಹುಳಿ ಮಜ್ಜಿಗೆ. ಒಂದೂವರೆ ಎರಡು ತಿಂಗಳಲ್ಲಿ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ. ನಮ್ಮ ಕರಿಬೇವು ಚಿಗುರಿದ್ದು ಅದರಿಂದಲೇ. ಆದರೆ ಬಂದವರಿಗೆಲ್ಲ ಕುಡಿಕೆ ತೋರಿಸಿ ಬೀಗುತ್ತಿದ್ದವನು ಮಾತ್ರ ನಾನು.

ನಗುವ ಮಾತಾದರೂ ಇದರಲ್ಲಿ ಗಂಭೀರ ಪ್ರಶ್ನೆಯೊಂದಿದೆ. ಹಿತ್ತಲನ್ನು ನೆನೆದು ನಾವು ಭಾವುಕರಾಗುತ್ತೇವೆ. ಆ ಹಿತ್ತಲನ್ನು ನಡೆಸುತ್ತಿದ್ದವರು ಯಾರು? ನಸುಕಿಗೆದ್ದು ಬಾವಿಯಿಂದ ನೀರು ಸೇದುತ್ತಿದ್ದವರು ಹೆಂಗಸರು. ಪಾಯಿಖಾನೆ ಬಳಿಯುವ ಹೊಲಸು ಕೆಲಸವನ್ನು ಜಾತಿಯ ಹೆಸರಿನಲ್ಲಿ ಕೆಲವರ ತಲೆಗೆ ಕಟ್ಟಿದ್ದೆವು. ಸುಸ್ಥಿರ ಬದುಕೆಂದರೆ ಅದೇ ಹೊರೆಯನ್ನು ಮತ್ತೆ ಮನೆಯ ಹೆಂಗಸಿನ, ಮನೆಗೆಲಸದವರ, ಪೌರಕಾರ್ಮಿಕರ ಹೆಗಲಿಗೆ ಏರಿಸುವುದಾದರೆ ಅಂಥ ಹಿತ್ತಲು ನಮಗೆ ಬೇಡ. ಮಂಡಿಸುವ ಪ್ರತಿ ಪ್ರಬಂಧವೂ ಎಷ್ಟು ಲೀಟರ್, ಎಷ್ಟು ಕಿಲೋ ಎನ್ನುವುದರ ಜೊತೆಗೆ ಯಾರ ಎಷ್ಟು ಹೊತ್ತು ಎಂದೂ ಹೇಳಲಿ ಎಂದು ಕೋರುತ್ತೇನೆ.

ಬಳಸಿದ ನೀರಿನ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. ಹೊರವಲಯದ ಎಷ್ಟೋ ಕಡೆ ಇಂದಿಗೂ ಒಳಚರಂಡಿ ಇಲ್ಲ. ಶೌಚಗುಂಡಿ ತುಂಬಿದರೆ ಸಕ್ಕಿಂಗ್ ಗಾಡಿ ಕರೆಸುತ್ತೇವೆ, ಅದು ಎಲ್ಲಿ ಖಾಲಿ ಮಾಡುತ್ತದೆಂದು ಕೇಳುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಗುಂಡಿಗಿಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇಳಿದು ಸತ್ತವರ ಸುದ್ದಿ ಮಾತ್ರ ನಿಂತಿಲ್ಲ. ದಾರಿಯೇ ಇಲ್ಲವೆಂದಲ್ಲ. ದೇವನಹಳ್ಳಿಯಲ್ಲಿ 2015ರಿಂದ ಗುಂಡಿಯ ಮಲವನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕವಿದೆ. ಜಕ್ಕೂರು ಕೆರೆಗೆ ಶುದ್ಧೀಕರಿಸಿದ ಕೊಳಚೆ ನೀರು ಜೊಂಡಿನ ನಡುವೆ ಹಾದು ಬರುತ್ತದೆ. ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ಸಣ್ಣದು: ಪಾತ್ರೆ ತೊಳೆದ ನೀರು, ಶುದ್ಧೀಕರಣ ಯಂತ್ರ ಹೊರಹಾಕುವ ನೀರು, ವಾಷಿಂಗ್ ಮಷೀನಿನ ಕೊನೆಯ ಜಾಲಿಸಿದ ನೀರು ಶೌಚಕ್ಕೆ, ನೆಲ ಒರೆಸುವುದಕ್ಕೆ, ಒಂದು ಬಾಳೆಯ ಬುಡಕ್ಕೆ. ಮನೆ ಕಟ್ಟುವಾಗಲೇ ಬಚ್ಚಲ ಪೈಪನ್ನು ಪಾಯಿಖಾನೆಯ ಪೈಪಿನಿಂದ ಬೇರೆ ಇಟ್ಟರೆ ಇದು ಸುಲಭ. ಆಮೇಲೆ ಗೋಡೆ ಒಡೆಯಬೇಕಾಗುತ್ತದೆ.

ಬಿಸಿಲಿನ ಮಾತು ಚುಟುಕಾಗಿ ಹೇಳುತ್ತೇನೆ. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್. ಸೋಲಾರ್ ವಾಟರ್ ಹೀಟರ್ ಅದನ್ನು ಬಹುತೇಕ ಉಳಿಸುತ್ತದೆ. ತಾರಸಿಯ ಮೇಲೆ ಮೂರು ಕಿಲೋವ್ಯಾಟ್ ಸೌರಫಲಕಕ್ಕೆ 2024ರಿಂದ ಕೇಂದ್ರದ ಸಹಾಯಧನ 78,000 ರೂಪಾಯಿವರೆಗೆ ಇದೆ. ಅದೇ ಹೊತ್ತಿಗೆ ರಾಜ್ಯದ ಗೃಹಜ್ಯೋತಿ 2023ರಿಂದ 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಕೊಡುತ್ತಿದೆ. ಬಿಲ್ಲೇ ಬಾರದ ಮನೆ ಫಲಕಕ್ಕೆ ಹಣ ಹೂಡುತ್ತದೆಯೇ? ಗೃಹಜ್ಯೋತಿ ಬಡ ಮನೆಗೆ ನಿಜವಾದ ಆಸರೆ, ಅದನ್ನು ಅಲ್ಲಗಳೆಯುತ್ತಿಲ್ಲ. ಎರಡೂ ಯೋಜನೆಗಳು ಒಂದರ ಕಾಲನ್ನು ಇನ್ನೊಂದು ಎಳೆಯದಂತೆ ಹೊಂದಿಸುವುದು ಹೇಗೆಂದು ಅರ್ಥಶಾಸ್ತ್ರದ ಗೆಳೆಯರು ಹೇಳಬೇಕು.

ಇಷ್ಟು ಹೇಳಿ ನನ್ನ ಲೆಕ್ಕವನ್ನು ನಾನೇ ಪ್ರಶ್ನಿಸಬೇಕಾಗಿದೆ. ತಾರಸಿ ನೀರು ಮೂರನೇ ಒಂದು ಪಾಲಿಗಿಂತ ಹೆಚ್ಚು ಎಂದೆ. ಅದು ಒಂದು ಸೈಟಿನಲ್ಲಿ ಒಂದು ಕುಟುಂಬವಿದ್ದರೆ. ಹೊರವಲಯದ ಬೀದಿಗಳಲ್ಲಿ ನಡೆದು ನೋಡಿ. ನೆಲಮಹಡಿಯಲ್ಲಿ ಮಾಲೀಕರು, ಮೇಲೆ ಮೂರು ಬಾಡಿಗೆ ಮನೆಗಳು. ಹದಿನಾರು ಜನಕ್ಕೆ ಅದೇ ಒಂದು ತಾರಸಿ, ಅದರ ಪಾಲು ಹತ್ತರಲ್ಲಿ ಒಂದಕ್ಕೂ ಕಡಿಮೆ. ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರನಿಗೆ ಇಂಗುಬಾವಿ ತೋಡಿಸುವ ಹಕ್ಕಿಲ್ಲ, ಮಾಲೀಕನಿಗೆ ತೋಡಿಸುವ ತುರ್ತಿಲ್ಲ. ನಮ್ಮ ಸುಸ್ಥಿರತೆಯ ಕೈಪಿಡಿಗಳೆಲ್ಲ ಸ್ವಂತ ಮನೆಯವರನ್ನು ಎದುರಿಗಿಟ್ಟುಕೊಂಡೇ ಬರೆದವು. ಬಾಡಿಗೆದಾರರನ್ನು ಬಿಟ್ಟರೆ ಉಪನಗರದ ದೊಡ್ಡ ಪಾಲನ್ನೇ ಬಿಟ್ಟಂತೆ.

ಆದ್ದರಿಂದ ಹಿತ್ತಲನ್ನು ಸೈಟಿನೊಳಗಷ್ಟೇ ಹುಡುಕಿದರೆ ಸಾಲದು, ಬೀದಿಯಲ್ಲೂ ಹುಡುಕಬೇಕು. ಬಡಾವಣೆಯ ಪಾರ್ಕು, ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಸಿ.ಎ. ಸೈಟು, ಪಕ್ಕದ ಕೆರೆ ಇವೇ ನಮ್ಮ ಸಾಮೂಹಿಕ ಹಿತ್ತಲು. ಕಬ್ಬನ್ ಪಾರ್ಕಿನಲ್ಲಿ ಹೂತುಹೋಗಿದ್ದ ಹಳೆಯ ಬಾವಿಗಳ ಹೂಳೆತ್ತಿದಾಗ ನೀರು ಕಾಣಿಸಿತು. ಎತ್ತಿದವರು ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರು. ನಗರದಲ್ಲಿ ಹತ್ತು ಲಕ್ಷ ಇಂಗುಬಾವಿಗಳಾಗಲಿ ಎಂಬ ಆಂದೋಲನ ಅವರ ಕಸುಬನ್ನೇ ನಂಬಿಕೊಂಡಿದೆ. ಪ್ರತಿ ಬಡಾವಣೆಯ ಪಾರ್ಕಿನಲ್ಲಿ ಎರಡು ಇಂಗುಬಾವಿ, ಉದುರಿದ ಎಲೆಗೊಂದು ಜಾಲರಿ ತೊಟ್ಟಿ, ಬಾಡಿಗೆ ಮನೆಯವರೂ ತಂದು ಹಾಕುವಂಥ ಒಂದು ಗೊಬ್ಬರದ ಗುಂಡಿ, ಅದನ್ನು ನೋಡಿಕೊಳ್ಳುವವರಿಗೆ ಸರಿಯಾದ ಸಂಬಳ. ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ. ನಿವಾಸಿ ಸಂಘದ ಒಂದು ನಿರ್ಣಯ ಬೇಕು, ಅದರ ಲೆಕ್ಕಪುಸ್ತಕದಲ್ಲಿ ಒಂದು ಕಾಲಂ ಬೇಕು.

ಈ ಎರಡು ದಿನ ನಾವು ಮೂರು ಪ್ರಶ್ನೆಗಳಿಗೆ ಅಂಟಿಕೊಳ್ಳೋಣ. ಮನೆಯೊಂದು ತನ್ನ ನೀರು, ಕಸ, ಬೆಳಕಿನಲ್ಲಿ ಎಷ್ಟು ಪಾಲನ್ನು ತಾನೇ ಹೊರಬಲ್ಲದು? ಉಳಿದದ್ದನ್ನು ಬೀದಿ ಹೊರುವುದು ಹೇಗೆ? ಈ ಕೆಲಸವನ್ನು ಯಾರು, ಯಾವ ಕೂಲಿಗೆ, ಯಾವ ಮರ್ಯಾದೆಯೊಡನೆ ಮಾಡುತ್ತಾರೆ? ಗುಣಗಾನದ ಪ್ರಬಂಧಗಳಿಗಿಂತ ಸೋತ ಪ್ರಯೋಗಗಳ ವರದಿಗಳು ನಮಗೆ ಹೆಚ್ಚು ಕಲಿಸುತ್ತವೆ. ಹುಳು ಬಿದ್ದ ಕುಡಿಕೆಗಳನ್ನೂ ಧೈರ್ಯವಾಗಿ ಮಂಡಿಸಿ.

ಕೊನೆಯದಾಗಿ ಒಂದು ಕೋರಿಕೆ. ಇಂದು ಸಂಜೆ ಮನೆಗೆ ಹೋದಾಗ ನಿಮ್ಮ ತಾರಸಿಯ ಮಳೆನೀರಿನ ಪೈಪು ಎಲ್ಲಿಗೆ ಬಂದು ಮುಗಿಯುತ್ತದೆ ಎಂದು ಕೆಳಗಿಳಿದು ನೋಡಿ. ಸಂಪಿಗೋ, ಇಂಗುಬಾವಿಗೋ, ಚರಂಡಿಗೋ? ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಆ ಉತ್ತರವನ್ನು ಚೀಟಿಯಲ್ಲಿ ಬರೆದು ನಾಳೆ ಬೆಳಗ್ಗೆ ಬಾಗಿಲಲ್ಲಿಡುವ ಡಬ್ಬಿಗೆ ಹಾಕಿ. ನಾಳಿನ ಗೋಷ್ಠಿಗಳು ಆ ಚೀಟಿಗಳನ್ನು ಎಣಿಸುವುದರಿಂದ ಶುರುವಾಗಲಿ.